ಬೆವರುಸಾಲೆ ಮತ್ತು ಒಂದು ಪೌಡರ್ ಡಬ್ಬಿ



ಮಾರ್ಚ್ ತಿಂಗಳು ಕಾಲಿಟ್ಟಿತೆಂದರೆ ನಮ್ಮ ಕಾಸರಗೋಡಿನ ಕಡೆ ಇಬ್ಬರು ಎದುರಾದಾಗ ಮೊದಲು ಬರುವ ಮಾತು, 'ಎಂಥ ಸೆಕೆ ಮಾರಾಯ್ರೇ!' ಯೋಗಕ್ಷೇಮ ವಿಚಾರಿಸುವುದು ಆಮೇಲೆ. ಭಾನುವಾರದ ಪೂಜೆ ಮುಗಿಸಿ ಅಂಗಳಕ್ಕೆ ಬಂದವರ ಅಂಗಿಗಳು ಬೆನ್ನಿಗೆ ಅಂಟಿಕೊಂಡಿರುತ್ತವೆ. ಮಕ್ಕಳು ಸಂಕೋಚವಿಲ್ಲದೆ ಗೋಡೆಗೆ ಬೆನ್ನು ಉಜ್ಜುತ್ತಾರೆ. ದೊಡ್ಡವರಿಗೆ ಹಾಗೆ ಮಾಡಲು ನಾಚಿಕೆ. ಆದುದರಿಂದ ಅವರು ಮಾತಾಡುತ್ತಾ ಮಾತಾಡುತ್ತಾ ಕಂಬಕ್ಕೆ ಒರಗಿ, ಯಾರಿಗೂ ತಿಳಿಯದಂತೆ ಅದೇ ಕೆಲಸ ಮಾಡುತ್ತಾರೆ. ಬಲಿಪೀಠದ ಬಳಿ ನಿಂತ ಗುರುಗಳಾದ ನಾವು ಅಷ್ಟನ್ನೂ ಮಾಡುವಂತಿಲ್ಲ. ನಿಲುವಂಗಿಯ ಮೇಲೆ ಪೂಜಾವಸ್ತ್ರ ತೊಟ್ಟು, ಎರಡೂ ಕೈಗಳನ್ನು ಚಾಚಿ ಪ್ರಾರ್ಥಿಸುವಾಗಲೇ ಎರಡು ಹೆಗಲಿನ ನಡುವೆ ಸೂಜಿ ಚುಚ್ಚಿದಂತೆ ಕಡಿತ ಆರಂಭವಾಗುತ್ತದೆ. ಪವಿತ್ರ ವಾರದಲ್ಲಂತೂ ದೀರ್ಘ ವಿಧಿಗಳು. ಆ ವಾರ ನಮ್ಮ ಮುಖದಲ್ಲಿ ಕಾಣುವ ಗಾಂಭೀರ್ಯದಲ್ಲಿ ಒಂದು ಪಾಲು ಬೆವರುಸಾಲೆಗೆ ಸೇರಿದ್ದೆಂದು ಒಪ್ಪಿಕೊಳ್ಳುವುದೇ ಒಳ್ಳೆಯದು.

ಬೆವರುಸಾಲೆಯೂ ಬರೆಯುವಂಥ ವಿಷಯವೇ ಎಂದು ನೀವು ಕೇಳಬಹುದು. ಅದು ಬರುತ್ತದೆ, ಮಳೆ ಬಿದ್ದ ಮೇಲೆ ಹೋಗುತ್ತದೆ. ಅದರಿಂದ ಯಾರೂ ಹಾಸಿಗೆ ಹಿಡಿಯುವುದಿಲ್ಲ. ನಾವೂ 2024ರ ಏಪ್ರಿಲ್‌ವರೆಗೆ ಹಾಗೆಯೇ ಎಣಿಸಿಕೊಂಡಿದ್ದೆವು. ಆ ತಿಂಗಳು ನಮ್ಮ ಇಗರ್ಜಿಯ ಹಿಂದುಗಡೆ ನಡೆದ ಒಂದು ಸಂಗತಿ ನಮ್ಮ ಎಣಿಕೆಯನ್ನು ಬದಲಿಸಿತು. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು. ಬರೆಯಲು ಮಾತ್ರ ಧೈರ್ಯ ಸಾಲುತ್ತಿರಲಿಲ್ಲ.

ಅಜ್ಜಿಯ ಕಾನೂನು

ನಾವು ಚಿಕ್ಕವರಿದ್ದಾಗ ಮನೆಯಲ್ಲಿ ಆರು ಮಂದಿ ಮಕ್ಕಳು. ಫೆಬ್ರವರಿ ಕೊನೆಯಾಗುವಷ್ಟರಲ್ಲಿ ಒಬ್ಬರ ಕೊರಳಲ್ಲಿ, ಇನ್ನೊಬ್ಬರ ಹಣೆಯಲ್ಲಿ, ಮತ್ತೊಬ್ಬರ ಸೊಂಟದ ಲಾಡಿ ಕಟ್ಟುವ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಗುಳ್ಳೆಗಳು ಏಳುತ್ತಿದ್ದವು. ಅಜ್ಜಿಯ ಕಾನೂನು ಆಗ ಜಾರಿಗೆ ಬರುತ್ತಿತ್ತು. ಮೈಗೆ ಸಾಬೂನು ಬೇಡ, ಹೆಸರುಹಿಟ್ಟು ಸಾಕು. ಮೈಗೆ ತೆಂಗಿನೆಣ್ಣೆ ಹಚ್ಚುವುದು ಮಳೆ ಬರುವವರೆಗೆ ನಿಷೇಧ. ಶಾಲೆಯಿಂದ ಬಂದ ಕೂಡಲೇ ಅಂಗಿ ತೆಗೆದು ಜಗಲಿಯಲ್ಲಿ ಕೂರಬೇಕು. ತಾಟಿನುಂಗು ತಂದ ದಿನ ತಿರುಳು ಬಾಯಿಗೆ, ಒಳಗಿನ ನೀರು ಬೆನ್ನಿಗೆ. ಉಗುರು ತಾಗಿಸಿ ಕೆರೆದುಕೊಂಡವರಿಗೆ ಅಡಿಕೆ ಹಾಳೆಯ ಬೀಸಣಿಗೆಯಿಂದಲೇ ಒಂದು ಪೆಟ್ಟು. ಪೌಡರ್ ಡಬ್ಬಿ ಮಾತ್ರ ಅಜ್ಜಿಯ ಕಪಾಟಿನಲ್ಲಿ ಭದ್ರವಾಗಿರುತ್ತಿತ್ತು. ಅದು ಭಾನುವಾರ ಪೂಜೆಗೆ ಹೊರಡುವಾಗ ಕೊರಳಿಗೆ ಬಳಿದುಕೊಳ್ಳುವ ಅಲಂಕಾರವಾಗಿತ್ತೇ ಹೊರತು ಮದ್ದಾಗಿರಲಿಲ್ಲ.

ದಿನಕ್ಕೆ ಎರಡು ಸಲ ಸ್ನಾನ, ಅದೂ ಸುರಂಗದ ನೀರಿನಲ್ಲಿ. ನೀಲಗಿರಿಯ ಅಥವಾ ಸೊಲ್ಲಾಪುರದ ಕಡೆಯ ಓದುಗರಿಗೆ ಸುರಂಗವೆಂದರೆ ರೈಲು ಹೋಗುವ ದಾರಿ ನೆನಪಾಗಬಹುದು. ನಮ್ಮ ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಸುರಂಗಗಳು ನೀರಿನವು. ಗುಡ್ಡದ ಕೆಂಪುಕಲ್ಲನ್ನು ಅಡ್ಡಕ್ಕೆ, ಒಬ್ಬ ಮನುಷ್ಯ ನಡೆದುಹೋಗುವಷ್ಟು ಅಗಲಕ್ಕೆ ಕೊರೆಯುತ್ತಾ ಹೋದರೆ ಒಳಗಿನ ಒರತೆ ಸಿಗುತ್ತದೆ. ಪಂಪು ಬೇಡ, ಹಗ್ಗ ಬೇಡ. ನೀರು ತಾನಾಗಿಯೇ ಹರಿದು ಹೊರಗಿನ ಗುಂಡಿಗೆ ಬೀಳುತ್ತದೆ. ಹೊರಗೆ ಎಷ್ಟೇ ಬಿಸಿಲಿರಲಿ, ಆ ನೀರು ತಣ್ಣಗೆ. ನಾಲ್ಕು ಚೆಂಬು ಬೆನ್ನ ಮೇಲೆ ಸುರಿದುಕೊಂಡು, ಬೈರಾಸಿನಿಂದ ಉಜ್ಜದೆ ಒತ್ತಿ ಒರೆಸಿಕೊಂಡು, ರಾತ್ರಿ ಜಗಲಿಯಲ್ಲಿ ಚಾಪೆ ಹಾಸಿ ಮಲಗಿದರೆ ಬೆಳಿಗ್ಗೆಯ ಹೊತ್ತಿಗೆ ಕಡಿತ ಅರ್ಧ ಇಳಿದಿರುತ್ತಿತ್ತು. ಅಜ್ಜಿಯ ಮದ್ದಿನಿಂದ ಇಳಿಯಿತೆಂದು ನಾವು ತಿಳಿದಿದ್ದೆವು. ಆ ರಾತ್ರಿಯ ಗಾಳಿ ಮತ್ತು ಆ ತಣ್ಣೀರೇ ಮದ್ದು ಎಂಬುದು ತಿಳಿಯಲು ನಮಗೆ ನಲವತ್ತು ವರ್ಷ ದಾಟಬೇಕಾಯಿತು.

ಮುಂದೆ ಮಂಗಳೂರಿನ ಗುರುಮಠಕ್ಕೆ ಸೇರಿದಾಗ ಬೆವರುಸಾಲೆಯೂ ಜೊತೆಗೇ ಬಂತು. ಬಿಳಿ ನಿಲುವಂಗಿ ತೊಟ್ಟು ಓದುಕೋಣೆಯಲ್ಲಿ ಸಾಲಾಗಿ ಕುಳಿತ ನಮಗೆ ಮೌನ ಕಡ್ಡಾಯ. ಹಿಂದಿನ ಬೆಂಚಿನವನು ಮುಂದಿನವನ ಬೆನ್ನಿಗೆ ಅಡಿಪಟ್ಟಿ ಆಡಿಸುವುದು ಆ ದಿನಗಳ ಮೂಕ ಸಹೋದರಪ್ರೇಮ. ಅಲ್ಲಿ ಕಲಿತ ಲ್ಯಾಟಿನ್‌ನಲ್ಲಿ ಬಹುಪಾಲು ಈಗ ಮರೆತಿದೆ. 'ಮಿಲಿಯುಂ' ಎಂಬ ಪದವೊಂದು ಉಳಿದಿದೆ. ಬರಗು, ನವಣೆಯಂಥ ಕಿರುಧಾನ್ಯಕ್ಕೆ ಆ ಹೆಸರು. ವೈದ್ಯರು ಬೆವರುಸಾಲೆಯನ್ನು 'ಮಿಲಿಯೇರಿಯಾ' ಎಂದು ಕರೆಯುವುದು ಆ ಪದದಿಂದಲೇ. ಚರ್ಮದ ಮೇಲೆ ಕಿರುಧಾನ್ಯ ಚೆಲ್ಲಿದಂತೆ ಕಾಣುವ ಗುಳ್ಳೆಗಳು ಎಂದು ಅರ್ಥ.

ಶೀಟಿನ ಕೆಳಗೆ

ಈಗ 2024ಕ್ಕೆ ಬರೋಣ. ನಮ್ಮ ಇಗರ್ಜಿಗೆ ಒಂದು ಸಭಾಭವನ ಬೇಕೆಂದು ಬಹಳ ವರ್ಷಗಳ ಆಸೆ. ಧರ್ಮೋಪದೇಶ ತರಗತಿಗಳು ಮರದ ಕೆಳಗೆ ನಡೆಯುತ್ತಿದ್ದವು. ಹಣ ಕಡಿಮೆ ಇತ್ತು. ಹಂಚು ಹಾಕಿಸೋಣವೆಂದು ಕೆಲವು ಹಿರಿಯರು ಹೇಳಿದರು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ನಮ್ಮ ಕರಾವಳಿಯ ಮನೆಗಳು ಉಸಿರಾಡಿದ್ದು ಹಂಚಿನ ಸಂದುಗಳಲ್ಲೇ. ಆದರೆ ಹಂಚಿಗೆ ಮರ ಬೇಕು, ಬಡಗಿಗಳು ಬೇಕು, ಕಾಲ ಬೇಕು. ಪಾಲನಾ ಮಂಡಳಿಯಲ್ಲಿ ಲೆಕ್ಕ ಹಾಕಿ ಲೋಹದ ಶೀಟು ಹಾಕಿಸುವುದೆಂದು ನಾವೇ ತೀರ್ಮಾನಿಸಿದೆವು.

ಕೆಲಸಕ್ಕೆ ಬಂದವರು ಒಂಬತ್ತು ಮಂದಿ. ಹೆಚ್ಚಿನವರು ಕೊಪ್ಪಳದ ಕಡೆಯ ಹಳ್ಳಿಗಳವರು. ಅವರಿಗೆ ಉಳಿದುಕೊಳ್ಳಲು ಕಂಟ್ರಾಕ್ಟರ್ ಇಗರ್ಜಿಯ ಹಿಂದೆ ಏಳಡಿ ಎತ್ತರದ ಒಂದು ಶೆಡ್ಡು ಎಬ್ಬಿಸಿದ. ಮೇಲೂ ಶೀಟು, ಮೂರು ಬದಿಗೂ ಶೀಟು. ಜಾಗ ಕೊಟ್ಟವರು ನಾವು.

ಆ ವರ್ಷ ಕೇರಳದಲ್ಲಿ ಬೇಸಿಗೆ ಬಲು ಬೇಗ ಆರಂಭವಾಯಿತು. ಬಿಸಿಲಿನಲ್ಲಿ ದುಡಿಯುವವರ ಕೆಲಸದ ವೇಳೆಯನ್ನು ಬದಲಿಸಿ ಕಾರ್ಮಿಕ ಇಲಾಖೆ ಫೆಬ್ರವರಿಯಲ್ಲೇ ಆದೇಶ ಹೊರಡಿಸಿತು. ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ವಿಶ್ರಾಂತಿ, ಬೆಳಿಗ್ಗೆ 7ರಿಂದ ಸಂಜೆ 7ರ ಒಳಗೆ ಒಟ್ಟು 8 ಗಂಟೆ ಕೆಲಸ. ನಾವು ಆದೇಶವನ್ನು ಪೂಜೆಯ ಕೊನೆಯಲ್ಲಿ ಓದಿ ಹೇಳಿದೆವು. ನಮ್ಮ ಕೆಲಸದ ಜಾಗದಲ್ಲೂ ಗಡಿಯಾರ ನೋಡಿ ಪಾಲಿಸಿದೆವು. ಹನ್ನೆರಡು ಗಂಟೆಯ ಗಂಟೆ ಬಾರಿಸಿದ ಕೂಡಲೇ ಕೆಲಸ ನಿಲ್ಲುತ್ತಿತ್ತು. ಒಂಬತ್ತು ಮಂದಿಯೂ ಆ ಶೆಡ್ಡಿನೊಳಗೆ ಹೋಗಿ ಮಲಗುತ್ತಿದ್ದರು. ನಾವು ಗುರುನಿವಾಸಕ್ಕೆ ಹೋಗಿ ಊಟ ಮಾಡಿ, ಫ್ಯಾನು ಹಾಕಿಕೊಂಡು ಸ್ವಲ್ಪ ಅಡ್ಡಾಗುತ್ತಿದ್ದೆವು. ಹೀಗೆ ಎರಡು ಕಡೆಯೂ ವಿಶ್ರಾಂತಿಯಾಗುತ್ತಿತ್ತು ಎಂಬುದು ನಮ್ಮ ನಂಬಿಕೆ.

ಅವರಲ್ಲಿ ಒಬ್ಬ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ಕರಾವಳಿಗೆ ಮೊದಲ ಸಲ ಬಂದವನು. ನಮ್ಮನ್ನು ಅವನು 'ಅಪ್ಪಾರ' ಎಂದು ಕರೆಯುತ್ತಿದ್ದ. ಅವನ ಊರಿನ ಕಡೆ ಮಠದ ಸ್ವಾಮಿಗಳನ್ನು ಹಾಗೆ ಕರೆಯುತ್ತಾರಂತೆ. ಮಾರ್ಚ್ ಕೊನೆಯ ವಾರ, ಈಸ್ಟರ್ ಹಬ್ಬದ ಮುಂಚೆ, ಸಂಜೆ ಬಾವಿಕಟ್ಟೆಯ ಬಳಿ ನಮ್ಮನ್ನು ತಡೆದು ಅಂಗಿ ಎತ್ತಿ ಬೆನ್ನು ತೋರಿಸಿದ. ಕುತ್ತಿಗೆಯಿಂದ ಸೊಂಟದವರೆಗೆ ಕೆಂಪು ಗುಳ್ಳೆಗಳು, ಬೆರಳಿಡಲು ಜಾಗವಿಲ್ಲ.

'ಅಪ್ಪಾರ, ಮೈಯೆಲ್ಲಾ ಚುಚ್ಚಾಕತ್ತೈತ್ರಿ. ಬೆನ್ನ ಮ್ಯಾಗ ಯಾರೋ ನವಣಿ ಚೆಲ್ಲಿದಂಗ ಆಗೈತಿ. ರಾತ್ರಿ ನಿದ್ದಿ ಬರವಲ್ದು' ಎಂದ.

ಲ್ಯಾಟಿನ್ ವೈದ್ಯರು ಇಟ್ಟ ಹೆಸರನ್ನೇ ಈ ಹುಡುಗ ತನ್ನ ಹೊಲದಿಂದ ತಂದು ಹೇಳಿದ್ದ. ನಮಗೆ ಅದು ಬಹಳ ಸ್ವಾರಸ್ಯವಾಗಿ ಕಂಡಿತು. ನಗುತ್ತಾ, 'ನಿಮ್ಮೂರಲ್ಲಿ ಇದಕ್ಕಿಂತ ಜಾಸ್ತಿ ಬಿಸಿಲು ಅಲ್ಲವೇ ತಮ್ಮಾ?' ಎಂದು ಕೇಳಿದೆವು.

'ಬಿಸಿಲು ಭಾಳ ಐತ್ರಿ. ಆದ್ರ ಅಲ್ಲಿ ಬೆವರು ಆರತೈತಿ. ಇಲ್ಲಿ ಆರಂಗೇ ಇಲ್ಲ ನೋಡ್ರಿ' ಎಂದ.

ನಾವು ಗುರುನಿವಾಸಕ್ಕೆ ಹೋಗಿ ಯಾರೋ ಉಡುಗೊರೆಯಾಗಿ ಕೊಟ್ಟಿದ್ದ ಹೊಸ ಪೌಡರ್ ಡಬ್ಬಿಯೊಂದನ್ನು ತಂದು ಅವನ ಕೈಗಿಟ್ಟೆವು. ಅವನು ಅದನ್ನು ಎರಡೂ ಕೈಗಳಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಆ ರಾತ್ರಿ ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಮಲಗಿದೆವು.

ಮರುದಿನ ಮಂಡಳಿಯ ಸದಸ್ಯರೊಬ್ಬರ ಬಳಿ ಈ ಮಾತು ಎತ್ತಿದಾಗ ಅವರು, 'ಅವರಿಗೆಲ್ಲ ಅಭ್ಯಾಸ ಉಂಟು ಫಾದರ್' ಎಂದರು. ಕೆಟ್ಟ ಮನುಷ್ಯರಲ್ಲ ಅವರು. ನಾವೂ ಅದಕ್ಕೆ ತಲೆಯಾಡಿಸಿದೆವು.

ಹತ್ತು ಹನ್ನೆರಡು ದಿನ ಕಳೆದ ಮೇಲೆ ಹುಡುಗ ಮತ್ತೆ ಸಿಕ್ಕಿದ. ಕೇಳುವ ಮೊದಲೇ, 'ಪೌಡರ್ ಹಾಕಿದ ಮ್ಯಾಲೆ ಕಡಿತ ನಿಂತೈತ್ರಿ ಅಪ್ಪಾರ' ಎಂದ. ಬೆನ್ನಿನ ಕೆಂಪು ಬಣ್ಣ ಮಾಯವಾಗಿತ್ತು. ಚರ್ಮ ಮಾತ್ರ ಚಳಿಗೆ ರೋಮ ಎದ್ದಾಗ ಆಗುವಂತೆ ತರಿತರಿಯಾಗಿತ್ತು. ನಾವು ಸಂತೋಷಪಟ್ಟೆವು. ಸಂತೋಷಪಡಬಾರದಿತ್ತು.

ಏಪ್ರಿಲ್ ಮೂರನೆಯ ವಾರ ಒಂದು ದಿನ ಸಂಜೆ ನಾಲ್ಕರ ಹೊತ್ತಿಗೆ ಮೇಸ್ತ್ರಿ ಓಡಿಬಂದ. ಹುಡುಗ ಸಿಮೆಂಟು ಹೊತ್ತುಕೊಂಡು ಬರುವಾಗ ಕುಸಿದುಬಿದ್ದಿದ್ದ. ವಾಂತಿಯಾಗಿತ್ತು. ಮಾತು ತೊದಲುತ್ತಿತ್ತು. ಹಣೆ, ಕೆನ್ನೆಗಳಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಎತ್ತಿಕೊಳ್ಳಲು ಬೆನ್ನ ಕೆಳಗೆ ಕೈ ಹಾಕಿದಾಗ ನಮ್ಮ ಕೈಗೆ ತಾಗಿದ್ದು ಒಣಗಿದ, ಕಾದ ಚರ್ಮ. ಅಷ್ಟು ಸೆಕೆಯಲ್ಲಿ ಆ ಬೆನ್ನಿನಲ್ಲಿ ಒಂದು ಹನಿ ಬೆವರಿರಲಿಲ್ಲ.

ವೈದ್ಯೆ ಹೇಳಿದ್ದು

ಆಸ್ಪತ್ರೆಯಲ್ಲಿದ್ದ ಯುವ ವೈದ್ಯೆ ಮೊದಲು ಅವನ ಮೈಯನ್ನು ತಣಿಸಿದರು. ಒದ್ದೆ ಬಟ್ಟೆ, ಎರಡು ಫ್ಯಾನು, ಡ್ರಿಪ್ಪು. ರಾತ್ರಿ ಎಂಟರ ಹೊತ್ತಿಗೆ ಅವನು ಎದ್ದು ಕುಳಿತು ನೀರು ಕೇಳಿದ. ದೇವರ ದಯೆ. ಆಮೇಲೆ ವೈದ್ಯೆ ನಮ್ಮನ್ನು ಹೊರಗೆ ಕರೆದು ಕೇಳಿದ ಮೊದಲ ಪ್ರಶ್ನೆ, 'ಇವನಿಗೆ ಬೆವರುಸಾಲೆ ಎಷ್ಟು ದಿನದಿಂದ ಇತ್ತು?'

ಅವರು ಅಂದು ಸಮಾಧಾನದಿಂದ ತಿಳಿಸಿದ ವಿಷಯಗಳನ್ನು ನಮಗೆ ತಿಳಿದ ಭಾಷೆಯಲ್ಲಿ ಇಲ್ಲಿ ಬರೆಯುತ್ತೇವೆ.

ಮನುಷ್ಯನ ಚರ್ಮದಲ್ಲಿ ಸುಮಾರು 20ರಿಂದ 40 ಲಕ್ಷ ಬೆವರು ಗ್ರಂಥಿಗಳಿವೆ. ಬೆವರು ಸುರಿದ ಮಾತ್ರಕ್ಕೆ ಮೈ ತಣಿಯುವುದಿಲ್ಲ, ಅದು ಆರಬೇಕು. ಒಂದು ಲೀಟರ್ ಬೆವರು ಚರ್ಮದ ಮೇಲೆ ಆರಿದರೆ ಸುಮಾರು 580 ಕಿಲೋ ಕ್ಯಾಲೊರಿಯಷ್ಟು ಶಾಖವನ್ನು ಮೈಯಿಂದ ಹೊತ್ತೊಯ್ಯುತ್ತದೆ. ಆರದೆ ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಮೈಗೆ ಉಪಕಾರವಿಲ್ಲ. ಸೊಲ್ಲಾಪುರ, ಜತ್ತ, ಆದೋನಿ ಕಡೆಯ ಓದುಗರು 40 ಡಿಗ್ರಿ ದಾಟಿದ ಬಿಸಿಲು ಕಂಡವರು. ನಮ್ಮ 34, 35 ಡಿಗ್ರಿಯ ಗೋಳಾಟ ಕೇಳಿ ನಗಬಹುದು. ಆದರೆ ಅಲ್ಲಿನ ಒಣಗಾಳಿ ಬೆವರನ್ನು ಕುಡಿಯುತ್ತದೆ. ಸಮುದ್ರದ ಬದಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಮೈಮೇಲೆಯೇ ನಿಲ್ಲುತ್ತದೆ. ಕೊಪ್ಪಳದ ಹುಡುಗ ಬಾವಿಕಟ್ಟೆಯ ಬಳಿ ಹೇಳಿದ್ದು ಇದನ್ನೇ. ಇಂಥ ಹವೆಗೆ ಹೊಸದಾಗಿ ಬಂದವರಿಗೆ ಬೆವರುಸಾಲೆ ಹೆಚ್ಚು ಕಾಡುತ್ತದೆ.

ಬೆವರು ನಿಂತರೆ ಚರ್ಮದ ಮೇಲ್ಪದರ ನೀರಿನಲ್ಲಿ ನೆನೆದಂತಾಗಿ ಉಬ್ಬುತ್ತದೆ. ಬೆವರಿನ ನಾಳದ ಬಾಯಿ ಮುಚ್ಚುತ್ತದೆ. ಚರ್ಮದ ಮೇಲೆ ಸದಾ ಇರುವ ಒಂದು ಬಗೆಯ ಬ್ಯಾಕ್ಟೀರಿಯಾ ಹೊರಸೂಸುವ ಅಂಟೂ ಅದಕ್ಕೆ ಬಿರಡೆಯಾಗುತ್ತದೆ. ಒಳಗೆ ಬೆವರು ತಯಾರಾಗುತ್ತಲೇ ಇರುತ್ತದೆ, ಹೊರಗೆ ದಾರಿ ಇಲ್ಲ. ನಾಳ ಒಡೆದು ಬೆವರು ಅಕ್ಕಪಕ್ಕಕ್ಕೆ ಸೋರುತ್ತದೆ.

ಅದು ಚರ್ಮದ ತೀರ ಮೇಲ್ಪದರದಲ್ಲಿ ಸೋರಿದರೆ ಇಬ್ಬನಿಯಂಥ ತಿಳಿಗುಳ್ಳೆಗಳು ಏಳುತ್ತವೆ. ನವಜಾತ ಶಿಶುಗಳಲ್ಲಿ, ಜ್ವರ ಬಂದು ಬೆವರಿದವರಲ್ಲಿ ಇದು ಸಾಮಾನ್ಯ. ಕಡಿತವಿಲ್ಲ, ತಾನಾಗಿಯೇ ಹೋಗುತ್ತದೆ. ಇನ್ನೂ ಸ್ವಲ್ಪ ಕೆಳಗೆ ಸೋರಿದರೆ ನಮಗೆಲ್ಲ ಗೊತ್ತಿರುವ ಕೆಂಪು ಬೆವರುಸಾಲೆ. ಅದು ಚುಚ್ಚುತ್ತದೆ, ಉರಿಯುತ್ತದೆ. ಮೈ ತಣಿಯಲು ಅವಕಾಶವೇ ಸಿಗದೆ ವಾರಗಟ್ಟಲೆ ಇದು ಮರುಕಳಿಸುತ್ತಿದ್ದರೆ ತಡೆ ಇನ್ನೂ ಆಳಕ್ಕೆ ಇಳಿಯುತ್ತದೆ. ಆಗ ಗುಳ್ಳೆಗಳು ಚರ್ಮದ ಬಣ್ಣಕ್ಕೇ ತಿರುಗುತ್ತವೆ. ಕಡಿತ ನಿಲ್ಲುತ್ತದೆ. ಆ ಭಾಗದಲ್ಲಿ ಬೆವರೇ ಬರುವುದಿಲ್ಲ. ಅದನ್ನು ಸರಿದೂಗಿಸಲು ಮುಖ ಒಂದೇ ಸಮನೆ ಬೆವರುತ್ತದೆ. ಅಂಥ ಮೈ ಬಿಸಿಲಿನಲ್ಲಿ ದುಡಿದರೆ ಒಳಗಿನ ಶಾಖಕ್ಕೆ ಹೊರದಾರಿ ಇರುವುದಿಲ್ಲ. ತಲೆಸುತ್ತು, ವಾಂತಿ, ಕುಸಿತ.

'ಫಾದರ್, ಕಡಿತ ನಿಂತದ್ದು ಗುಣವಾಗಿ ಅಲ್ಲ' ಎಂದರು ವೈದ್ಯೆ. 'ಅವನ ಮೈ ಕೂಗಿ ಕೂಗಿ ಸುಮ್ಮನಾಗಿತ್ತು.'

ಆಮೇಲೆ ಎರಡನೆಯ ಪ್ರಶ್ನೆ ಕೇಳಿದರು. 'ಮಧ್ಯಾಹ್ನ ಎಲ್ಲಿ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದ?'

ನಾವು ಉತ್ತರ ಹೇಳಿದೆವು. ಅವರು ಮತ್ತೇನೂ ಕೇಳಲಿಲ್ಲ.

ಹನ್ನೆರಡರಿಂದ ಮೂರು

ಮರುದಿನ ಮಧ್ಯಾಹ್ನ ಹನ್ನೆರಡೂವರೆಗೆ ನಾವು ಆ ಶೆಡ್ಡಿನೊಳಗೆ ಹೋದೆವು. ಎರಡು ತಿಂಗಳಲ್ಲಿ ಅದೇ ಮೊದಲ ಸಲ. ಒಳಗೆ ನಿಂತರೆ ತಲೆಯ ಮೇಲೆ ಯಾರೋ ಇಸ್ತ್ರಿಪೆಟ್ಟಿಗೆ ಹಿಡಿದಂತಿತ್ತು. ಎಂಟು ಮಂದಿ ಸಿಮೆಂಟಿನ ಖಾಲಿ ಚೀಲಗಳನ್ನು ಹಾಸಿಕೊಂಡು ಬರಿಮೈಯಲ್ಲಿ ಮಲಗಿದ್ದರು. ನಮ್ಮನ್ನು ಕಂಡು ಎದ್ದು ಅಂಗಿ ಹುಡುಕತೊಡಗಿದರು. ಒಂದು ಮೂಲೆಯಲ್ಲಿ ಅವನ ಚೀಲ, ಅದರ ಮೇಲೆ ನಾವು ಕೊಟ್ಟ ಪೌಡರ್ ಡಬ್ಬಿ. ಮುಕ್ಕಾಲು ಪಾಲು ಹಾಗೆಯೇ ಉಳಿದಿತ್ತು. ಮುಗಿದುಹೋಗುತ್ತದೆಂದು ಸ್ವಲ್ಪ ಸ್ವಲ್ಪವೇ ಹಚ್ಚಿಕೊಳ್ಳುತ್ತಿದ್ದನೆಂದು ಅವನ ಜೊತೆಗಾರ ಹೇಳಿದ.

ಹತ್ತು ನಿಮಿಷ ನಿಲ್ಲಲು ನಮ್ಮಿಂದ ಆಗಲಿಲ್ಲ. ಹೊರಗೆ ಬಂದಾಗ ಬಿಸಿಲೇ ತಂಪೆನಿಸಿತು. ಆದೇಶ ಹೇಳಿದ ಮೂರು ಗಂಟೆಗಳನ್ನು ನಾವು ಲೆಕ್ಕ ತಪ್ಪದೆ ಕೊಟ್ಟಿದ್ದೆವು. ಆ ಮೂರು ಗಂಟೆ ಎಲ್ಲಿ ಕಳೆಯಬೇಕೆಂದು ಯೋಚಿಸಿರಲಿಲ್ಲ. ಹಗಲು ಬಿಸಿಲಿನಲ್ಲಿ, ಮಧ್ಯಾಹ್ನ ಶೀಟಿನ ಕೆಳಗೆ, ರಾತ್ರಿಯೂ ಅದೇ ಶೀಟಿನ ಕೆಳಗೆ. ಆ ಹುಡುಗನ ಚರ್ಮಕ್ಕೆ ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ಒಂದು ಗಂಟೆಯೂ ಆರಲು ಸಿಕ್ಕಿರಲಿಲ್ಲ. ಮಳೆ ಬರುವವರೆಗೆ ನಮ್ಮ ಅಜ್ಜಿ ನಮ್ಮನ್ನು ಜಗಲಿಯಲ್ಲಿ ಮಲಗಿಸುತ್ತಿದ್ದಳು. ಅವನಿಗೆ ಜಗಲಿ ಇರಲಿಲ್ಲ. ಜಗಲಿ ನಮ್ಮಲ್ಲಿತ್ತು. ಗುರುನಿವಾಸದ ಮುಂದೆ, ಹಂಚಿನ ಮಾಡಿನ ಕೆಳಗೆ, ನಲವತ್ತಡಿ ಉದ್ದಕ್ಕೆ, ಖಾಲಿಯಾಗಿ.

ತೀರ್ಮಾನವೆಲ್ಲ ಮಂಡಳಿಯದ್ದು ಎಂದು ಹೇಳಿ ತಪ್ಪನ್ನು ಹದಿನೈದು ಮಂದಿಗೆ ಹಂಚಬಹುದು. ಆದರೆ ಅವನು ಬೆನ್ನು ತೋರಿಸಿದ್ದು ಮಂಡಳಿಗಲ್ಲ. ಡಬ್ಬಿ ಕೊಟ್ಟು ಕಳುಹಿಸಿದ ಕೈ ನಮ್ಮದೇ.

ಅಂದು ಸಂಜೆಯೇ ಅವರೆಲ್ಲರನ್ನು ಜಗಲಿಗೆ ಕರೆದೆವು. ಎರಡು ಫ್ಯಾನು ಹಾಕಿಸಿದೆವು. ಸ್ನಾನಕ್ಕೆ ಬಾವಿಯ ಪಂಪಿನಿಂದ ಒಂದು ನಳ ಎಳೆದೆವು. ಕೆಲಸದ ವೇಳೆಯನ್ನು ಬೆಳಿಗ್ಗೆ 7ರಿಂದ 11.30, ಮಧ್ಯಾಹ್ನ 3.30ರಿಂದ 6.30 ಎಂದು ಮಾಡಿ, ಸಂಬಳದಲ್ಲಿ ಏನನ್ನೂ ಕಡಿಯಬಾರದೆಂದು ಕಂಟ್ರಾಕ್ಟರಿಗೆ ಹೇಳಿದೆವು. ಊರಿನ ಮಹಿಳೆಯರು ಸರದಿಯಲ್ಲಿ ಹತ್ತು ಗಂಟೆಗೆ ಉಪ್ಪು ಹಾಕಿದ ಗಂಜಿನೀರು, ನಾಲ್ಕು ಗಂಟೆಗೆ ಪುನರ್ಪುಳಿ ಶರಬತ್ತು ತಂದುಕೊಟ್ಟರು. 'ಅಭ್ಯಾಸ ಉಂಟು' ಎಂದ ಅದೇ ಸದಸ್ಯರು ತಮ್ಮ ತೋಟದಿಂದ ಬೊಂಡದ ಗೊನೆ ಹೊತ್ತು ತಂದರು. ಯಾರೂ ಅವರಿಗೆ ಹಳೆಯ ಮಾತು ನೆನಪಿಸಲಿಲ್ಲ.

ಹುಡುಗ ಎರಡು ದಿನದಲ್ಲಿ ಆಸ್ಪತ್ರೆಯಿಂದ ಬಂದ. ಬೆವರು ಗ್ರಂಥಿಗಳು ಸರಿಯಾಗಲು ಎರಡು ಮೂರು ವಾರ ಬೇಕು, ಅಲ್ಲಿಯವರೆಗೆ ಬಿಸಿಲಿಗೆ ಹೋಗಬಾರದೆಂದು ವೈದ್ಯೆ ಕಟ್ಟುನಿಟ್ಟಾಗಿ ಹೇಳಿದ್ದರು. ಅಷ್ಟು ದಿನ ಅವನು ಜಗಲಿಯಲ್ಲಿ ಕುಳಿತು ಹಳೆಯ ಧರ್ಮೋಪದೇಶ ಪುಸ್ತಕಗಳಿಗೆ ಹೊದಿಕೆ ಹಾಕಿದ. ಆ ದಿನಗಳ ಕೂಲಿಯನ್ನು ಕೊಟ್ಟೆವು. ದಾನವಾಗಿ ಅಲ್ಲ, ಕೊಡಬೇಕಾದ ಬಾಕಿಯೆಂದು.

ಸಭಾಭವನದ ಶೀಟುಗಳು ಆಗಲೇ ಬಂದುಬಿದ್ದಿದ್ದವು. ಹಿಂದೆ ಕೊಡಲಾಗಲಿಲ್ಲ. ಮಾಡನ್ನು ನಾಲ್ಕಡಿ ಎತ್ತರಿಸಿ, ಗೋಡೆಯ ಮೇಲ್ಭಾಗದಲ್ಲಿ ಸುತ್ತಲೂ ಗಾಳಿಗೆ ಕಂಡಿ ಬಿಟ್ಟು, ಶೀಟಿಗೆ ಬಿಳಿ ಬಣ್ಣ ಬಳಿಸಿದೆವು. ಬೇಸಿಗೆಯಲ್ಲಿ ಮೇಲೆ ತೆಂಗಿನ ಮಡಲು ಹಾಸುತ್ತೇವೆ. ನೋಡಲು ಚಂದವಿಲ್ಲ ಎನ್ನುವವರಿದ್ದಾರೆ. ಮಕ್ಕಳು ಒಳಗೆ ಕೂರುತ್ತಾರೆ.

ನಿಮ್ಮ ಮನೆಗೆ ಕೆಲವು ಮಾತು

ಕುಟುಂಬಗಳು ಓದುವ ಪತ್ರಿಕೆಯಾದುದರಿಂದ ವೈದ್ಯೆಯಿಂದ ಕೇಳಿ ತಿಳಿದುಕೊಂಡ ಕೆಲವು ಉಪಯುಕ್ತ ಮಾತುಗಳನ್ನು ಇಲ್ಲಿ ಹೇಳುತ್ತೇವೆ.

ಬೆವರುಸಾಲೆಗೆ ಮೊದಲ ಮದ್ದು ತಂಪು. ದಿನದಲ್ಲಿ ಕೆಲವು ಗಂಟೆಯಾದರೂ ಬೆವರದೆ ಇರಲು ಅವಕಾಶ ಸಿಕ್ಕರೆ ಸಾಮಾನ್ಯ ಬೆವರುಸಾಲೆ ಕೆಲವೇ ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಸಡಿಲವಾದ ಹತ್ತಿಬಟ್ಟೆ ತೊಡಿ. ತಣ್ಣೀರಿನಲ್ಲಿ ಸ್ನಾನ ಮಾಡಿ, ಮೈಯನ್ನು ಉಜ್ಜದೆ ಗಾಳಿಗೆ ಆರಲು ಬಿಡಿ. ಕಡಿತ ಹೆಚ್ಚಿದ್ದರೆ ಕ್ಯಾಲಮೈನ್ ಲೋಷನ್ ಹಚ್ಚಬಹುದು. ಎಣ್ಣೆ, ವ್ಯಾಸಲಿನ್‌ನಂಥ ಜಿಡ್ಡಿನ ಮುಲಾಮು ನಾಳಗಳನ್ನು ಇನ್ನಷ್ಟು ಮುಚ್ಚುತ್ತವೆ. ಪೌಡರ್ ಬೆವರಿನೊಂದಿಗೆ ಕಲಸಿ ಗಟ್ಟಿಯಾದರೆ ಅದೂ ಹಾಗೆಯೇ. ಹಸುಳೆಗಳ ಮೇಲೆ ಪೌಡರ್ ಉದುರಿಸುವುದು ಇನ್ನೂ ಅಪಾಯ, ಅದರ ಹುಡಿ ಶ್ವಾಸಕೋಶಕ್ಕೆ ಹೋಗಬಹುದು.

ಹಸುಳೆಗಳ ಬೆವರು ನಾಳಗಳು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಜ್ಞಾನಸ್ನಾನಕ್ಕೆ ಬರುವ ಮಗುವಿಗೆ ನೈಲಾನ್ ಲೇಸಿನ ಅಂಗಿ, ಅದರ ಒಳಗೊಂದು ಬನಿಯನ್, ಟೊಪ್ಪಿ, ಕಾಲುಚೀಲ, ಮೇಲೆ ಉಣ್ಣೆಯ ಶಾಲು. ಮಗು ಅಳುವುದು ತಲೆಗೆ ಬಿದ್ದ ನೀರಿನಿಂದ ಎಂದು ಎಲ್ಲರೂ ನಗುತ್ತಾರೆ. ಆ ನೀರೊಂದೇ ಅದಕ್ಕೆ ಸುಖ ಕೊಟ್ಟಿರಬಹುದು. ತೆಳುವಾದ ಬಿಳಿ ಹತ್ತಿಯ ಅಂಗಿ ಸಾಕು ಅಮ್ಮಂದಿರೇ.

ಗುಳ್ಳೆಗಳಲ್ಲಿ ಕೀವು ತುಂಬಿದರೆ, ಸುತ್ತ ಊದಿಕೊಂಡರೆ, ಜ್ವರ ಬಂದರೆ, ತಂಪಿನಲ್ಲಿದ್ದೂ ಕೆಲವು ದಿನಗಳಲ್ಲಿ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ. ಬೇಸಿಗೆಯಲ್ಲಿ ಏಳುವ ಗುಳ್ಳೆಗಳೆಲ್ಲ ಬೆವರುಸಾಲೆಯಲ್ಲ. ಚಿಕನ್‌ಪಾಕ್ಸ್ ಇರಬಹುದು, ತೊಡೆಸಂದಿಯಲ್ಲಿ ಉಂಗುರದಂತೆ ಹರಡುವ ಹುಳುಕಡ್ಡಿ ಇರಬಹುದು. ನೆರೆಯವರು ಹೇಳಿದರೆಂದು ಅಂಗಡಿಯಿಂದ ಸ್ಟೆರಾಯ್ಡ್ ಬೆರೆಸಿದ ಮುಲಾಮು ತಂದು ಹಚ್ಚಿದರೆ ಹುಳುಕಡ್ಡಿ ಮೊದಲು ಮಾಯವಾದಂತೆ ಕಂಡು ಆಮೇಲೆ ಮೈತುಂಬ ಹರಡುತ್ತದೆ.

ಸೆಕೆಯಲ್ಲಿ ದುಡಿಯುವವರಿಗೆ ತಲೆನೋವು, ತಲೆಸುತ್ತು, ವಾಂತಿ ಬಂದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ನೆರಳಿಗೆ ಒಯ್ದು ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ ಗಾಳಿ ಬೀಸಿ. ಮಾತು ತೊದಲಿದರೆ, ಪ್ರಜ್ಞೆ ತಪ್ಪಿದರೆ ಬಾಯಿಗೆ ನೀರು ಹಾಕಬೇಡಿ. ಮೈಯನ್ನು ತಣಿಸುತ್ತಲೇ ಆಸ್ಪತ್ರೆಗೆ ಒಯ್ಯಿರಿ.

ಮೇ ತಿಂಗಳಲ್ಲಿ ಒಂದು ಸಂಜೆ ಗುಡುಗು ಸಹಿತ ಮೊದಲ ದೊಡ್ಡ ಮಳೆ ಬಂತು. ಮೊದಲ ಮಳೆಗೆ ನೆನೆದರೆ ಬೆವರುಸಾಲೆ ಹೋಗುತ್ತದೆಂದು ನಾವು ಚಿಕ್ಕಂದಿನಲ್ಲಿ ಅಂಗಳಕ್ಕೆ ಓಡುತ್ತಿದ್ದೆವು. ಸಿಡಿಲು ಭಯದ್ದೆಂದು ಈಗ ಗೊತ್ತಿದೆ. ಗುಡುಗು ದೂರ ಹೋಗುವವರೆಗೆ ಎಲ್ಲರನ್ನೂ ಜಗಲಿಯಲ್ಲಿ ತಡೆದು ಕೂರಿಸಿದೆವು. ಆಮೇಲೆ ಒಂಬತ್ತು ಮಂದಿಯೂ ಬರಿಮೈಯಲ್ಲಿ ಅಂಗಳಕ್ಕೆ ಇಳಿದರು. ಹುಡುಗ ಬಂದು, 'ಅಪ್ಪಾರ, ನೋಡ್ರಿ' ಎಂದು ಬೆನ್ನು ತಿರುಗಿಸಿದ. ಮಳೆನೀರು ನುಣುಪಾದ ಚರ್ಮದ ಮೇಲೆ ಇಳಿದುಹೋಗುತ್ತಿತ್ತು. ಈ ಸಲ ಕನ್ನಡಕ ಹಾಕಿಕೊಂಡು, ಹತ್ತಿರ ಹೋಗಿ, ಸರಿಯಾಗಿ ನೋಡಿದೆವು.

ಪ್ರಿಯರೇ, ಈ ಬೇಸಿಗೆಯಲ್ಲಿ ನಿಮ್ಮ ಮನೆಗೂ ಯಾರಾದರೂ ಕೆಲಸಕ್ಕೆ ಬರುತ್ತಾರೆ. ತೆಂಗಿನಕಾಯಿ ಕೀಳಲು, ಗೋಡೆ ಕಟ್ಟಲು, ಬಾವಿ ತೋಡಲು. ಅವರಿಗೆ ನೀರು ಕೊಡುತ್ತೀರಿ, ಊಟ ಕೊಡುತ್ತೀರಿ ಎಂದು ನಮಗೆ ಗೊತ್ತಿದೆ. ಅಷ್ಟಕ್ಕೇ ನಿಲ್ಲಿಸಬೇಡಿ. ಊಟವಾದ ಮೇಲೆ ಅವರು ಎಲ್ಲಿ ಕುಳಿತಿದ್ದಾರೆಂದು ಮಧ್ಯಾಹ್ನ ಒಂದು ಗಂಟೆಗೆ ಹೊರಗೆ ಹೋಗಿ ನೋಡಿ. ಅಲ್ಲಿ ನಿಮಗೆ ಕೂರಲು ಆಗದಿದ್ದರೆ, ಅವರನ್ನು ನಿಮ್ಮ ಜಗಲಿಗೆ ಕರೆಯಿರಿ.